ಬಾನೆಟ್ ಭಾವ

ಕೊಕ್ಕಡ ಪೇಟೆಯಲ್ಲಿ ಯಾರಾದರೂ ಕಾರಿನ ಬಾನೆಟ್ ಎತ್ತಿದರೆ ಸಾಕು, ಗ್ಯಾರೇಜಿಗೆ ಫೋನ್ ಹೋಗುವ ಮೊದಲೇ ಬಾನೆಟ್ ಭಾವ ಅಲ್ಲಿ ಹಾಜರು. ಮೊಣಕಾಲಿಗೆ ಮಡಚಿದ ಪಂಚೆ, ಹೆಗಲಲ್ಲಿ ಬೈರಾಸು, ಬಾಯಲ್ಲಿ ಎಲೆಯಡಿಕೆ. ಅವರ ನಿಜ ಹೆಸರು ಇಲ್ಲಿ ಬೇಡ. ನೆಲ್ಯಾಡಿಯಲ್ಲೂ ಉಜಿರೆಯಲ್ಲೂ ಇಂಥವರು ಒಬ್ಬೊಬ್ಬರು ಇದ್ದೇ ಇದ್ದಾರೆ, ಹೆಸರು ಹೇಳಿದರೆ ಉಳಿದವರಿಗೆ ಬೇಸರವಾದೀತು. ಒಂದಷ್ಟು ಅಡಿಕೆ, ಒಂದಷ್ಟು ರಬ್ಬರ್ ಇರುವ ಭಾವನ ಹತ್ತಿರ ಹಿಂದೆ ಒಂದು ಡೀಸೆಲ್ ಜೀಪೂ ಇತ್ತು. ಜೀಪು ಗುಜರಿಗೆ ಹೋಗಿ ಕಾಲವಾಯಿತು. ಜೀಪಿನ ವಿದ್ಯೆ ಮಾತ್ರ ಇನ್ನೂ ಓಡಾಡುತ್ತಿದೆ.

ಏಪ್ರಿಲ್, ಮೇ ಅವರ ಸೀಸನ್. ಶಾಲೆಗೆ ರಜೆ ಸಿಕ್ಕ ಕೂಡಲೇ ಬೆಂಗಳೂರಿನ ಕಾರುಗಳು ಶಿರಾಡಿ ಘಾಟಿ ಇಳಿದು, ಪೆರಿಯಶಾಂತಿಯಲ್ಲಿ ಹೆದ್ದಾರಿ ಬಿಟ್ಟು, ಸೌತಡ್ಕಕ್ಕೂ ಧರ್ಮಸ್ಥಳಕ್ಕೂ ಹೊರಡುತ್ತವೆ. ಒಳಗೆ ದೊಡ್ಡವರು, ಮಕ್ಕಳು, ಬ್ಯಾಗು, ಫುಲ್ ಏಸಿ. ಹೊರಗೆ ನಮ್ಮೂರಿನ ಸೆಕೆ. ಒಂದು ಏರು ಬಂದಾಗ ಗೇರ್ ಇಳಿಸಲು ಉದಾಸೀನ ಮಾಡಿ ಆಕ್ಸಿಲರೇಟರ್ ಒತ್ತಿದರೆ ಒಳಗಿಂದ ಟಿಣ್‌ಟಿಣ್‌ಟಿಣ್ ಶುರುವಾಗುತ್ತದೆ.

"ಎಂತಾಯ್ತು ಸಾರ್?"

"ಏರು ಹತ್ತುವಾಗ ಏನೋ ಸೌಂಡ್ ಬರ್ತಿದೆ ಸಾರ್."

"ಸ್ಟಾರ್ಟ್ ಮಾಡಿ ನೋಡುವ."

ಭಾವ ಸೊಂಟದಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆಯುತ್ತಾರೆ. ತುದಿಯನ್ನು ಇಂಜಿನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚುತ್ತಾರೆ. ಬೆಂಗಳೂರಿನವರ ಮಕ್ಕಳು ವಿಡಿಯೋ ಮಾಡುತ್ತಾರೆ. ಎಲೆಯಡಿಕೆ ಉಗಿದು ಬಂದು ತೀರ್ಪು: "ನಾಕಿಂಗ್."

ತೀರ್ಪು ಸರಿಯೇ. ಭಾವನ ಕಿವಿಯ ಬಗ್ಗೆ ಊರಿನಲ್ಲಿ ಎರಡು ಮಾತಿಲ್ಲ. ತಕರಾರು ಇರುವುದು ಮದ್ದಿನ ಬಗ್ಗೆ.

ಪೆಟ್ರೋಲ್ ಇಂಜಿನಿನಲ್ಲಿ ಬೆಂಕಿ ಹಚ್ಚುವ ಅಧಿಕಾರ ಸ್ಪಾರ್ಕ್ ಪ್ಲಗ್ಗಿಗೆ ಮಾತ್ರ. ಅದರ ಕಿಡಿಯಿಂದ ಹೊರಟ ಉರಿ ಆಚೆ ಗೋಡೆಯವರೆಗೆ ಸಾಲಾಗಿ ಹಬ್ಬಬೇಕು. ಸೆಕೆಗಾಲದಲ್ಲಿ ಒಳಗೆ ಬರುವ ಗಾಳಿ ಬಿಸಿ, ಹೆಡ್ಡು ಬಿಸಿ, ಮೇಲಿಂದ ಏರಿನ ಭಾರ. ಆಚೆ ಮೂಲೆಯಲ್ಲಿರುವ ಪೆಟ್ರೋಲು-ಗಾಳಿಗೆ ಉರಿ ಬರುವವರೆಗೆ ಕಾಯುವ ತಾಳ್ಮೆ ಇಲ್ಲದೆ ತಾನಾಗಿಯೇ ಭಗ್ಗೆಂದು ಹತ್ತಿಕೊಳ್ಳುತ್ತದೆ. ಆ ಪೆಟ್ಟಿಗೆ ಸಿಲಿಂಡರು ಸೌತಡ್ಕದ ಹರಕೆ ಗಂಟೆಯ ಹಾಗೆ ಮೊಳಗುತ್ತದೆ, ಸೆಕೆಂಡಿಗೆ ಆರೇಳು ಸಾವಿರ ಕಂಪನದ ಲೆಕ್ಕದಲ್ಲಿ. ಹರಕೆ ಹೇಳಿದವರು ಯಾರೂ ಇಲ್ಲ, ಗಂಟೆ ಮಾತ್ರ ಬಾರಿಸುತ್ತಲೇ ಇರುತ್ತದೆ. ಹೆಚ್ಚು ದಿನ ಬಾರಿಸಲು ಬಿಟ್ಟರೆ ಪಿಸ್ಟನ್ನಿನ ತಲೆಗೇ ತೂತು.

ಭಾವ ಕಲಿತದ್ದು ಡೀಸೆಲ್ ಶಾಲೆಯಲ್ಲಿ. ಅಲ್ಲಿ ಕಿಡಿಯೇ ಇಲ್ಲ. ಒತ್ತಿ ಕಾಯಿಸಿದ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಬೇಕು. ಇಂಜಿನ್ ತಣ್ಣಗಿದ್ದರೆ ಹೊತ್ತುವುದು ತಡವಾಗುತ್ತದೆ, ಅಷ್ಟರೊಳಗೆ ಬಿದ್ದ ಡೀಸೆಲ್ಲೆಲ್ಲ ಒಟ್ಟಿಗೇ ಹೊತ್ತಿ ಬಡಿಯುತ್ತದೆ. ಡಿಸೆಂಬರ್ ಬೆಳಿಗ್ಗೆ ಭಾವನ ಜೀಪು ಸ್ಟಾರ್ಟ್ ಆದರೆ ನೆರೆಮನೆಯವರಿಗೆ ಅಲಾರಾಂ ಬೇಕಿರಲಿಲ್ಲ. ಬಿಸಿಯಾದ ಮೇಲೆ ಜೀಪು ತೆಪ್ಪಗಾಗುತ್ತಿತ್ತು. ಡೀಸೆಲಿನ ರೋಗ ತಡವಾಗಿ ಹೊತ್ತುವುದು, ಪೆಟ್ರೋಲಿನ ರೋಗ ಅವಸರದಲ್ಲಿ ಹೊತ್ತುವುದು. ಈ ವ್ಯತ್ಯಾಸ ಭಾವನ ಲೆಕ್ಕಕ್ಕೆ ಬಂದಿಲ್ಲ.

"ಇಂಜಿನ್ ಸರಿ ಬಿಸಿಯಾಗ್ಲಿ ಸಾರ್, ಹತ್ತು ನಿಮಿಷ ರೇಸ್ ಮಾಡಿ. ಮತ್ತೆ ಟಾಪ್ ಗೇರಿನಲ್ಲೇ ಹೋಗಿ, ಗೇರ್ ಇಳಿಸ್ಲೇಬೇಡಿ. ಜೀಪಿನಲ್ಲಿ ನಾನು ಹಾಗೇ ಹೋಗ್ತಿದ್ದದ್ದು."

ಪೆಟ್ರೋಲ್ ಕಾರನ್ನು ಕೊಲ್ಲಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮಾಡಬೇಕಾದ್ದು ಪೂರ್ತಿ ಉಲ್ಟಾ: ಗೇರ್ ಇಳಿಸಬೇಕು, ಕಾಲು ಸ್ವಲ್ಪ ಎತ್ತಬೇಕು, ಏರು ಮುಗಿಯುವವರೆಗೆ ಏಸಿ ಆಫ್ ಮಾಡಬೇಕು.

ಆಮೇಲೆ ಪೆಟ್ರೋಲಿನ ಪುರಾಣ. "ಮೊದಲಿನ ಪೆಟ್ರೋಲೇ ಬೇರೆ ಮಾರಾಯ್ರೆ, ಈಗ ಎಲ್ಲ ಎಥನಾಲ್!" ಮೊದಲರ್ಧ ನಿಜ. ಅಮೆರಿಕದ ಥಾಮಸ್ ಮಿಡ್ಜ್ಲಿ 1921ರಲ್ಲಿ ನಾಕಿಂಗಿಗೆ ಕಂಡುಹಿಡಿದ ಮದ್ದು ಸೀಸ. ಇಂಜಿನಿಗೆ ಅಮೃತ, ಮನುಷ್ಯರಿಗೆ ವಿಷ. ನಮ್ಮ ದೇಶದ ಬಂಕುಗಳಿಂದ ಅದು 2000ದಲ್ಲಿ ಹೋಯಿತು. ಎರಡನೆಯ ಅರ್ಧ ಮಾತ್ರ ತಿರುಗುಮುರುಗು. ಎಥನಾಲ್ ಹಳೆಯ ಗಾಡಿಯ ರಬ್ಬರ್ ಪೈಪಿಗೆ ಆಗದು, ಮೈಲೇಜನ್ನೂ ಸ್ವಲ್ಪ ತಿನ್ನುತ್ತದೆ. ಆದರೆ ನಾಕಿಂಗನ್ನು ತಡೆಯುವ ಆಕ್ಟೇನನ್ನು ಅದು ಏರಿಸುತ್ತದೆ. ಮಾಮೂಲಿ ಪೆಟ್ರೋಲಿಗೆ 91 ಇದ್ದದ್ದು ಶೇ. 20 ಎಥನಾಲ್ ಸೇರಿದ ಮೇಲೆ 95. ಇದನ್ನು ಭಾವನಿಗೆ ಹೇಳಿದವರುಂಟು. ಅವರಿಗೆ ಸೀಸದ ಅಧ್ಯಾಯ ಮೊದಲಿನಿಂದ ಕೇಳುವ ಶಿಕ್ಷೆಯಾಯಿತು.

ಇಷ್ಟಾದರೂ ಭಾವನ ಕೈಗುಣ ಪ್ರಸಿದ್ಧ. ರೇಸ್ ಮಾಡಿಸುವುದು ಹತ್ತು ನಿಮಿಷ, ಮಾತು ಮುಕ್ಕಾಲು ಗಂಟೆ. ಜೀಪಿನ ಕಥೆ, ಚಾರ್ಮಾಡಿಯ ತಿರುವಿನಲ್ಲಿ ಬ್ರೇಕ್ ಹೋದ ಕಥೆ, ನಡುವೆ ಬೊಂಡ, ಗೋಳಿಬಜೆ, ಚಾ. ಕಾರು ಹಲಸಿನ ಮರದ ನೆರಳಲ್ಲಿ ಬಾನೆಟ್ ತೆರೆದುಕೊಂಡು ನಿಂತಿರುತ್ತದೆ. ಕಥೆ ಮುಗಿಯುವಾಗ ಇಂಜಿನ್ ತಣಿದಿರುತ್ತದೆ, ಬಿಸಿಲೂ ಇಳಿದಿರುತ್ತದೆ. ಹೊರಟ ಕಾರು ಟಿಣ್ ಎನ್ನುವುದಿಲ್ಲ. "ನೋಡಿ, ಹೋಯ್ತಲ್ವಾ?" ಮುಂದೆ ಶಿರಾಡಿ ಹತ್ತುವಾಗ ಗಂಟೆ ಮತ್ತೆ ಶುರುವಾದರೂ ಅಲ್ಲಿಂದ ಕೊಕ್ಕಡಕ್ಕೆ ದೂರು ಹೇಳಲು ಯಾರು ಹಿಂದೆ ಬರುತ್ತಾರೆ? ತಿರುಗಿ ಬಾರದ ರೋಗಿಗಳೆಲ್ಲ ಗುಣವಾದವರ ಪಟ್ಟಿಯಲ್ಲಿದ್ದಾರೆ.

ಹೊಸ ಕಾರುಗಳೆಂದರೆ ಭಾವನಿಗೆ ಆಗದು. ಅವುಗಳ ಇಂಜಿನ್ ಬ್ಲಾಕಿಗೆ ನಾಕ್ ಸೆನ್ಸರ್ ಎಂಬ ಕಿವಿಯನ್ನು ಕಂಪನಿಯೇ ಬೋಲ್ಟ್ ಹಾಕಿ ಕೂರಿಸಿರುತ್ತದೆ. ಅದು ಶಬ್ದ ಹಿಡಿದ ಕೂಡಲೇ ಕಂಪ್ಯೂಟರು ಕಿಡಿಯನ್ನು ಚೂರು ತಡಮಾಡುತ್ತದೆ. ಪಿಕಪ್ ತುಸು ಇಳಿಯುತ್ತದೆ, ಶಬ್ದ ನಿಲ್ಲುತ್ತದೆ. "ಕಥೆ ಇಲ್ಲ, ಚಾ ಇಲ್ಲ, ಅದೆಂತ ರಿಪೇರಿ?" ಎಂಬುದು ಭಾವನ ಆಕ್ಷೇಪ.

ಇಂಥ ಭಾವನ ಎದುರಿಗೆ ಕಳೆದ ಬೇಸಗೆಯಲ್ಲಿ ಶಾಮಿಯಾನದವರ ಓಮ್ನಿ ಬಂತು, ಕಾರ್ಬುರೇಟರ್ ಕಾಲದ್ದು. ಮದುವೆ, ಬ್ರಹ್ಮಕಲಶದ ಸೀಸನ್ನು, ಹಿಂದೆಲ್ಲ ಕುರ್ಚಿ ತುಂಬಿದೆ. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಆ ಬಿಸಿಗೆ ಡ್ರೈವರು ಅರ್ಧ ಬೆಂದಿದ್ದ. ಸೀಟು ಎತ್ತಿದ್ದೇ ತಡ, ಭಾವ ಹಾಜರು. ಆದರೆ ಶಾಮಿಯಾನದವರಿಗೆ ಕಥೆ ಕೇಳುವಷ್ಟು ಪುರುಸೊತ್ತಿಲ್ಲ, ಗ್ಯಾರೇಜಿನ ಹುಡುಗನನ್ನೂ ಕರೆಸಿದ್ದರು.

ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ ಶಬ್ದ ಬರ್ತದೆ?" ನಿಂತಲ್ಲಿ ಇಲ್ಲ. ಏರಿನಲ್ಲಿ ಉಂಟು. ಕಾಲು ಎತ್ತಿದರೆ ನಿಲ್ಲುತ್ತದೆ. ಹಾಗಾದರೆ ಟ್ಯಾಪೆಟ್ ಅಲ್ಲ, ಅದಾದರೆ ನಿಂತಲ್ಲೂ ಕಟಕಟ ಎನ್ನಬೇಕಿತ್ತು. ಆಮೇಲೆ ಮುಂದೆ ಹೋಗಿ ನೋಡಿದ. ಇಂಜಿನ್ ಕುದಿಯುತ್ತಿದ್ದರೂ ರೇಡಿಯೇಟರ್ ಫ್ಯಾನು ಅಲ್ಲಾಡುತ್ತಿಲ್ಲ. ಸ್ವಿಚ್ಚಿನ ಎರಡು ವಯರು ಒಟ್ಟಿಗೆ ಮುಟ್ಟಿಸಿದ, ಫ್ಯಾನು ಗಿರ್ರನೆ ತಿರುಗಿತು. ಹೋದದ್ದು ಸ್ವಿಚ್ಚು. ಫಿನ್ನುಗಳ ನಡುವೆ ಹೋದ ಮಳೆಗಾಲದ ಕೆಂಪು ಕೆಸರು ಗಟ್ಟಿಯಾಗಿ ಕೂತಿತ್ತು, ಹಿಂಬದಿಯಿಂದ ನೀರು ಹಾಯಿಸಿ ತೊಳೆದ. ಇಂಜಿನ್ ತಣಿದ ಮೇಲೆ ಮುಚ್ಚಳ ತೆಗೆದು ಬಾವಿ ನೀರಿನ ತುಕ್ಕು ಹೊರಗೆ ಬಿಟ್ಟು ಕೂಲಂಟ್ ತುಂಬಿಸಿದ. ಕೊನೆಗೆ ಟೈಮಿಂಗ್ ಲೈಟ್ ಹಿಡಿದು ತಲೆಯೆತ್ತಿದ.

"ಡೆಲ್ಕೊ ತಿರುಗಿಸಿ ಟೈಮಿಂಗ್ ಅಡ್ವಾನ್ಸ್ ಮಾಡಿದ್ದು ಯಾರು?"

"ದೀಪಾವಳಿಗೆ ಪಿಕಪ್ ಸಾಲುದಿಲ್ಲ ಅಂತ ಹೇಳಿದ್ದೆ," ಎಂದರು ಶಾಮಿಯಾನದವರು, ಯಾರಿಗೆ ಎಂದು ಹೇಳದೆ. ಎಲ್ಲರೂ ಭಾವನ ಮುಖ ನೋಡಿದರು. ಭಾವ ಹಲಸಿನ ಮರದಲ್ಲಿ ಕಾಯಿ ಎಣಿಸತೊಡಗಿದರು. ತಂಪಿನ ದಿನಗಳಲ್ಲಿ ನಡೆದುಹೋದ ಆ ಅವಸರದ ಕಿಡಿ ಸೆಕೆ ಬಂದಾಗ ಬಾಯಿಬಿಟ್ಟಿತ್ತು. ಹುಡುಗ ಬೋಲ್ಟ್ ಸಡಿಲಿಸಿ, ಕಿಡಿಯ ಹೊತ್ತು ನಿಗದಿ ಮಾಡುವ ಡೆಲ್ಕೊವನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಬಿಗಿದ.

ಕುರ್ಚಿಗಳ ಸಮೇತ ಏರು ಹತ್ತಿಸಿ ನೋಡಿದರು. ಟಿಣ್ ಇಲ್ಲ. ಭಾವನೂ ಒಳಗೆ ಕೂತಿದ್ದರು, ಕಣ್ಣು ಮುಚ್ಚಿಕೊಂಡು. ತಿರುಗಿ ಬಂದು ಇಳಿದವರು ಬೈರಾಸು ಕೊಡವಿದರು.

"ಹಿಂದಿನ ಎಡಗಡೆ ವೀಲ್ ಬೇರಿಂಗ್ ಹೋಗಿದೆ. ಇಷ್ಟು ದಿನ ಈ ನಾಕಿಂಗಿನ ಗಲಾಟೆಯಲ್ಲಿ ಕೇಳ್ತಿರ್ಲಿಲ್ಲ."

ಹುಡುಗ ನಗುತ್ತಲೇ ಜ್ಯಾಕ್ ಕೊಟ್ಟು ಚಕ್ರ ತಿರುಗಿಸಿದ. ಗರಗರ. ನಗು ನಿಂತಿತು. ಬೇರಿಂಗ್ ನಿಜಕ್ಕೂ ಹೋಗಿತ್ತು.

ಶಾಮಿಯಾನದವರು ಹಣ ಎಣಿಸಿ ಕೊಡುವಾಗ ಹುಡುಗನ ಕಿವಿಯಲ್ಲಿ ಹೇಳಿದರು: "ಭಾವನನ್ನು ಗ್ಯಾರೇಜಿನಲ್ಲಿ ಕುರ್ಚಿ ಹಾಕಿ ಕೂರಿಸು ಮಾರಾಯ, ಕುರ್ಚಿ ನಾನೇ ಕೊಡ್ತೇನೆ. ಸ್ಪಾನರ್ ಮಾತ್ರ ಕೈಗೆ ಸಿಗದ ಹಾಗೆ ನೋಡಿಕೊ."