ದಪ್ಪ ಮೆಣಸಿನಕಾಯಿ ನಂ. 30: ಬಳಕೆದಾರರ ಕೈಪಿಡಿ

ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ನರ 'ಪೆಪ್ಪರ್ ನಂ. 30' ಚಿತ್ರದ ಮುಂದೆ ಬಂದು ನಿಂತಿದ್ದಕ್ಕೆ ಅಭಿನಂದನೆಗಳು. ಕಣ್ಣು ಹಾಯಿಸುವ ಮುನ್ನ ಈ ಸೂಚನೆಗಳನ್ನು ಓದಿಕೊಳ್ಳಿ.

ಸರಕಿನ ವಿವರ. ದಪ್ಪ ಮೆಣಸಿನಕಾಯಿ, ಒಂದು. ಬಣ್ಣ: ಇಲ್ಲ. ತಯಾರಾದದ್ದು ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ, ಆಗಸ್ಟ್ 1930ರಲ್ಲಿ. ನೆಗೆಟಿವ್ 8 ಇಂಚಿಗೆ 10 ಇಂಚು. ಅದನ್ನೇ ಕಾಗದದ ಮೇಲೆ ಒತ್ತಿಟ್ಟು ಪ್ರಿಂಟ್ ಹಾಕಿದ್ದು, ಹಿಗ್ಗಿಸಿಲ್ಲ. 30 ಎಂಬುದು ಬೆಲೆಯಲ್ಲ, ಮೆಣಸಿನಕಾಯಿ ಚಿತ್ರಗಳ ಸಾಲಿನಲ್ಲಿ ಇದರ ಸರದಿ.

ಹಂತ 1. ಒಂದು ಮಾರು ದೂರ ನಿಂತು ಸುಮ್ಮನೆ ನೋಡಿ. ಪೈಲ್ವಾನನ ಬೆನ್ನು, ಬಿಗಿಹಿಡಿದ ಮುಷ್ಟಿ, ತಬ್ಬಿಕೊಂಡ ಇಬ್ಬರು ಕಾಣಿಸುತ್ತಾರೆ. ಗಾಬರಿ ಬೇಡ, ಎಲ್ಲರಿಗೂ ಹಾಗೇ ಆಗುತ್ತದೆ. ಮೈಯ ಸಂಕೇತ ಹುಡುಕುವವರನ್ನು ಕಂಡರೆ ವೆಸ್ಟನ್ನರಿಗೆ ಆಗುತ್ತಿರಲಿಲ್ಲ. ಆದ್ದರಿಂದ ಕಂಡದ್ದನ್ನು ಪಕ್ಕದವರಿಗೆ ಹೇಳಬೇಡಿ.

ಹಂತ 2. ಈಗ ಹತ್ತಿರ ಬನ್ನಿ. ಮೇಲಿನ ಉಬ್ಬಿನ ಹೊಳಪಿನಿಂದ ಹೊರಟು, ಮಡಿಕೆಗಳ ಗುಂಟ ಕೆಳಗಿಳಿಯಿರಿ. ಬಿಳುಪು ಎಲ್ಲಿ ಬೂದಾಯಿತು, ಬೂದು ಎಲ್ಲಿ ಕಪ್ಪಾಯಿತು ಎಂದು ಬೆರಳಿಟ್ಟು ತೋರಿಸಲಾಗದಿದ್ದರೆ ನೀವು ಸರಿಯಾಗಿ ನೋಡುತ್ತಿದ್ದೀರಿ. ಕಾಯಿಯ ಹಿಂದೆ ಬಟ್ಟೆ, ರಟ್ಟು ಇಟ್ಟು ನೋಡಿ ಒಗ್ಗದೆ, ವೆಸ್ಟನ್ ಕಡೆಗೆ ತಗಡಿನ ದೊಡ್ಡ ಆಲಿಕೆಯೊಂದನ್ನು ಅಡ್ಡ ಮಲಗಿಸಿ ಅದರ ಬಾಯೊಳಗೆ ಕಾಯಿ ಕೂರಿಸಿದರು. ತಗಡಿಗೆ ಬಡಿದು ಹಿಂದಿರುಗಿದ ಬೆಳಕು ಕಾಯಿಯನ್ನು ಸುತ್ತಲಿಂದಲೂ ಸವರಿತು. ಎಣ್ಣೆ ಹೊಯ್ಯುವ ಸಾಮಾನಿನಲ್ಲಿ ಬೆಳಕು ಹೊಯ್ದದ್ದೇ ಈ ಚಿತ್ರದ ಗುಟ್ಟು.

ಹಂತ 3. ಕೆಳಗೆ ಬಲಬದಿಗೆ ಕಣ್ಣು ಹರಿಸಿ. ಅಲ್ಲಿ ಕಾಯಿ ಕೊಳೆಯತೊಡಗಿದ ಒಂದು ಕಲೆ ಇದೆ. ಅದು ಪ್ರಿಂಟಿನ ದೋಷವಲ್ಲ, ದೂರು ಸ್ವೀಕರಿಸುವುದಿಲ್ಲ. ಅಮೃತಶಿಲೆಯೆಂದು ನೀವು ನಂಬತೊಡಗಿದ್ದು ತರಕಾರಿ ಎಂದು ನೆನಪಿಸಲು ಅಷ್ಟು ಸಾಕು.

ತೊಂದರೆ ಮತ್ತು ಪರಿಹಾರ

*ಏನೂ ಅನಿಸುತ್ತಿಲ್ಲ:* ಸಂತೆಗೆ ಹೋಗಿ, ಎಲ್ಲರೂ ಬದಿಗೆ ಸರಿಸಿದ ಸೊಟ್ಟ ಕಾಯಿಯೊಂದನ್ನು ಆರಿಸಿ ತನ್ನಿ. ಕಿಟಕಿಯ ಬಳಿ ಇಟ್ಟು ಹತ್ತು ನಿಮಿಷ ನೋಡಿ. ಮತ್ತೆ ಹಂತ 1ರಿಂದ ಆರಂಭಿಸಿ.

*ಏನೇನೋ ಅನಿಸುತ್ತಿದೆ:* ಅದು ಬರೀ ಮೆಣಸಿನಕಾಯಿಯಾಗಿ ಕಾಣುವವರೆಗೂ ನೋಡಿ. ಕಷ್ಟದ ಕೆಲಸ ಅದೇ.

*ಬಜ್ಜಿ ನೆನಪಾಗುತ್ತಿದೆ:* ದೋಷವಲ್ಲ. ಚಿತ್ರ ತೆಗೆದಾದ ಮೇಲೆ ವೆಸ್ಟನ್ ಕೂಡ ತಮ್ಮ ಮೆಣಸಿನಕಾಯಿಗಳನ್ನು ತಿನ್ನುತ್ತಿದ್ದರು.