ದಾರ ಕಾಣುವ ಸಿನಿಮಾಗಳು

ಒಳ್ಳೆಯ ಸಿನಿಮಾ ನೋಡುವುದಕ್ಕೆ ಯಾವ ಯೋಗ್ಯತೆಯೂ ಬೇಕಿಲ್ಲ. ಟಿಕೆಟ್ ತೆಗೆದುಕೊಂಡು ಕೂತರಾಯಿತು; ಅಳಿಸುವುದು, ನಗಿಸುವುದು, ಬೆಚ್ಚಿಬೀಳಿಸುವುದು ಎಲ್ಲ ಅವರದೇ ಜವಾಬ್ದಾರಿ. ಕಾಸಿಲ್ಲದೆ ತೆಗೆದ ಹಳೆಯ ಪತ್ತೇದಾರಿ ಚಿತ್ರ, ಮಾಯಾಮಂತ್ರದ ಚಿತ್ರ, ದೆವ್ವದ ಚಿತ್ರಗಳ ವಿಷಯ ಹಾಗಲ್ಲ. ಅಲ್ಲಿ ಅರ್ಧ ಕೆಲಸ ಪ್ರೇಕ್ಷಕನದು. ರಟ್ಟಿನ ಬಂಡೆಗೆ ಅವನೇ ಭಾರ ತುಂಬಬೇಕು, ನಿಂತಲ್ಲೇ ಅಲ್ಲಾಡುವ ಕಾರಿಗೆ ಅವನೇ ವೇಗ ಕೊಡಬೇಕು. ಕೆನ್ನೆಗೊಂದು ಮಚ್ಚೆ ಅಂಟಿಸಿಕೊಂಡು ವೇಷ ಮರೆಸಿ ಬಂದ ನಾಯಕನನ್ನು ಖಳನಾಯಕನ ಜೊತೆ ತಾನೂ ಗುರುತು ಹಿಡಿಯದೆ ಇರಬೇಕು. ಈ ಕೊನೆಯದಕ್ಕೆ ಬಹಳ ಸಾಧನೆ ಬೇಕು. ನನಗೆ ಅದು ಸಿದ್ಧಿಸಿದೆ ಎಂದು ವಿನಯದಿಂದಲೇ ಹೇಳಿಕೊಳ್ಳುತ್ತೇನೆ.

ನಮ್ಮ ಮನೆಯಲ್ಲಿ ಈ ವಿದ್ಯೆಗೆ ಅಂಥ ಮರ್ಯಾದೆಯೇನಿಲ್ಲ. ರಾತ್ರಿ ಊಟವಾದ ಮೇಲೆ ಟೀವಿಯಲ್ಲಿ ಯೂಟ್ಯೂಬ್ ತೆರೆದು, ಮೈತುಂಬ ಗೆರೆ ಬಿದ್ದ ಕಪ್ಪು-ಬಿಳುಪು ಚಿತ್ರವೊಂದನ್ನು ಹಾಕಿದರೆ ಹೆಂಡತಿ ಮೊಬೈಲು ಹಿಡಿದು ಒಳಗೆ ನಡೆಯುತ್ತಾಳೆ. "ಅಷ್ಟೊಂದು ಕಡೆ ತಿಂಗಳು ತಿಂಗಳು ದುಡ್ಡು ಕಟ್ತೀವಿ ಕಣ್ರೀ, ನೀವು ನೋಡೋದು ಮಾತ್ರ ಬಿಟ್ಟಿ ಸಿಗೋದನ್ನ" ಎಂದು ಗೊಣಗುವುದೂ ಉಂಟು. ಉಳಿಯುವವರು ಇಬ್ಬರು. ಒಬ್ಬರು ನಮ್ಮತ್ತೆ. ಈ ಚಿತ್ರಗಳಲ್ಲಿ ಎಷ್ಟನ್ನೋ ಅವು ಹೊಸದಾಗಿದ್ದಾಗಲೇ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದವರು. ಇನ್ನೊಬ್ಬಳು ಮಗಳು. ಬೆಂಗಳೂರಿನ ಒಂದು ಗ್ರಾಫಿಕ್ಸ್ ಸ್ಟುಡಿಯೋದಲ್ಲಿ ಅವಳಿಗೆ ಕೆಲಸ. ಕೆಲಸವೆಂದರೆ ತಂತಿ ಅಳಿಸುವುದು. ಈಗಿನ ನಾಯಕ ಗಾಳಿಯಲ್ಲಿ ಹಾರಿ ಒದೆಯುವಾಗ ಅವನ ಸೊಂಟಕ್ಕೆ ಕಟ್ಟಿದ ತಂತಿಯನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮಿನಿಂದ ಒರೆಸಿ ತೆಗೆಯಬೇಕು. ಸೆಕೆಂಡಿಗೆ 24 ಫ್ರೇಮು. ಆ ಮಹಾನುಭಾವ 10 ಸೆಕೆಂಡು ಹಾರಿದರೆ ಇವಳು 240 ಫ್ರೇಮು ಒರೆಸಬೇಕು. ಹೀಗೆ ತಂತಿ ಅಳಿಸಿ ಸಂಬಳ ತರುವ ಮಗಳೂ ತಂತಿ ಹುಡುಕಿ ಸಂತೋಷಪಡುವ ಅಪ್ಪನೂ ಒಂದೇ ಸೋಫಾದಲ್ಲಿ ಕೂರುವುದು ಅಷ್ಟು ಸುಲಭವಲ್ಲ.

ಹೊಸಬರಿಗೆ ನಾನು ದೀಕ್ಷೆ ಕೊಡುವುದು ಸಿ.ಐ.ಡಿ. 999ನಿಂದ. 1962ರಲ್ಲಿ 'ಡಾಕ್ಟರ್ ನೋ' ಬಂದು ಜೇಮ್ಸ್ ಬಾಂಡ್ ಬೆಳ್ಳಿತೆರೆಗೆ ಇಳಿದ. 1968ಕ್ಕೆ ದೊರೆ-ಭಗವಾನ್ ಜೋಡಿ 'ಜೇಡರ ಬಲೆ' ತೆಗೆದು ಕನ್ನಡಕ್ಕೂ ಒಬ್ಬ ಬಾಂಡನನ್ನು ಕೊಟ್ಟಿತು. ಅವರವನ ನಂಬರು 007, ನಮ್ಮವನದು 999. ಅವರ ಹತ್ತಿರ ಹಡಗು, ವಿಮಾನ, ಜಲಾಂತರ್ಗಾಮಿ ಏನೇ ಇರಲಿ, ಅಂಕಗಣಿತದಲ್ಲಿ ನಾವೇ 992 ಮುಂದೆ. ಪತ್ತೇದಾರ ಪ್ರಕಾಶನಾಗಿ ಬಂದವರು ರಾಜ್‌ಕುಮಾರ್. ಅದೇ ವರ್ಷ 'ಮಣ್ಣಿನ ಮಗ'ದಲ್ಲಿ ನೇಗಿಲು ಹಿಡಿದದ್ದೂ ಅವರೇ. ಅದಕ್ಕೂ ಎರಡು ವರ್ಷ ಹಿಂದೆ, 1966ರಲ್ಲಿ, 'ಮಂತ್ರಾಲಯ ಮಹಾತ್ಮೆ'ಯ ರಾಘವೇಂದ್ರಸ್ವಾಮಿಗಳೂ ಅವರೇ. ಇದರಿಂದ ಭಕ್ತರಿಗಾದ ಇಕ್ಕಟ್ಟನ್ನು ಅತ್ತೆಯ ಬಾಯಲ್ಲೇ ಕೇಳಬೇಕು.

"ರಾಯರಾಗಿ ಬಂದಾಗ ಟೆಂಟಿನಲ್ಲಿ ಎಲ್ಲಾರೂ ಕೈಮುಗಿದಿದ್ವಿ. ಆಮೇಲೆ ನೋಡಿದ್ರೆ ಕೋಟು ಹಾಕ್ಕೊಂಡು ಪಿಸ್ತೂಲು ಹಿಡ್ಕೊಂಡು ಅವ್ರೇ ಬಂದ್ಬಿಟ್ರು. ಕೈ ಮುಗೀಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ. ಯಾವುದಕ್ಕೂ ಇರಲಿ ಅಂತ ಒಂದ್ಸಲ ಮುಗಿದು, ಆಮೇಲೆ ಕಡ್ಲೆಕಾಯಿ ತಿಂದ್ವಿ."

ಇಂಥ ಚಿತ್ರಗಳಲ್ಲಿ ನನಗೆ ನಾಯಕನಿಗಿಂತ ಪ್ರಿಯವಾದದ್ದು ಖಳನಾಯಕನ ಅಡ್ಡೆ. ಹೊರಗಿನಿಂದ ನೋಡಿದರೆ ಗುಡ್ಡ, ಗುಹೆ, ಇಲ್ಲವೇ ಪಾಳುಬಂಗಲೆ. ಒಳಗೆ ಹೋದರೆ ಬಡಗಿಯ ಕೈಚಳಕ. ಗುಂಡಿ ಒತ್ತಿದರೆ ಗೋಡೆ ಸರಿಯುತ್ತದೆ. ಸರಿಯುವಾಗ ತುಸು ನಡುಗಿ, ತಾನು ಪ್ಲೈವುಡ್ಡೆಂದು ಒಪ್ಪಿಕೊಳ್ಳುತ್ತದೆ. ಒಂದು ಗೋಡೆಯ ತುಂಬ ಸಾಲುಸಾಲು ಪುಟ್ಟ ಬಲ್ಬುಗಳು. ಒಂದೊಂದೂ ತನಗೆ ತೋಚಿದ ಹಾಗೆ ಹೊತ್ತಿ ಆರುತ್ತಿರುತ್ತದೆ. ಬಿಳಿ ಕೋಟಿನವನೊಬ್ಬ ಒಂದು ತಿರುಗಣೆಯನ್ನು ಎಡಕ್ಕೆ ತಿರುಗಿಸಿ, ಮುಖ ಗಂಭೀರ ಮಾಡಿಕೊಂಡು, ಮತ್ತೆ ಬಲಕ್ಕೆ ತಿರುಗಿಸುತ್ತಾನೆ. ಅದರಿಂದ ಏನಾಯಿತು ಎಂದು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಕೊನೆಗೆ ನಾಯಕ ಹಾರಿಸಿದ ಒಂದೇ ಗುಂಡು ಆ ಗೋಡೆಗೆ ತಗುಲಿ ಅಡ್ಡೆಯೆಲ್ಲ ಸ್ಫೋಟವಾಗುತ್ತದೆ.

"ಲೋಕಾನೇ ಗೆಲ್ಲೋಕೆ ಹೊರಟವನು ಒಂದು ಫ್ಯೂಸ್ ಹಾಕಿಸ್ಕೊಂಡಿಲ್ವಲ್ಲ" ಎಂದು ಅತ್ತೆ ಪ್ರತಿಸಲ ನೊಂದುಕೊಳ್ಳುತ್ತಾರೆ. ನಮ್ಮ ಮಾವ ವಿದ್ಯುತ್ ಇಲಾಖೆಯಲ್ಲಿದ್ದವರು.

'ಜೇಡರ ಬಲೆ' ಬಂದ ವರ್ಷವೇ 999 ಗೋವಾಕ್ಕೂ ಹೋಗಿಬಂದ. 'ಗೋವಾದಲ್ಲಿ ಸಿ.ಐ.ಡಿ. 999' ನಟಿ ಲಕ್ಷ್ಮಿಯ ಮೊದಲ ಕನ್ನಡ ಚಿತ್ರ. ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಗಿ ಆಗಿನ್ನೂ ಏಳೇ ವರ್ಷ. ರಜೆ ಸಿಕ್ಕರೆ ಧರ್ಮಸ್ಥಳಕ್ಕೋ ತಿರುಪತಿಗೋ ಹೋಗಿಬರುವ ಮಂದಿಗೆ ಟೆಂಟಿನ ನೆಲದ ಟಿಕೆಟ್ಟಿನಲ್ಲಿ ಗೋವಾ ಸಿಕ್ಕರೆ ಬೇಡವೆನ್ನುತ್ತಾರೆಯೇ? 1969ರ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'ದಲ್ಲಿ ನಾಯಕಿಯಾಗಿ ಮೊದಲ ಹೆಜ್ಜೆ ಇಟ್ಟ ಹುಡುಗಿ ಮುಂದೆ ಹಿಂದಿ ಚಿತ್ರರಂಗವನ್ನೇ ಆಳಿದ ರೇಖಾ. ಇದನ್ನು ಹೇಳಿದಾಗ ಮಗಳು ನಂಬದೆ ಮೊಬೈಲಿನಲ್ಲಿ ಹುಡುಕಿ, ಮೊಬೈಲು ಹೌದೆಂದ ಮೇಲೆ ನಂಬಿದಳು. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನ ಹೊತ್ತಿಗೆ ಬಣ್ಣ ಬಂದಿತ್ತು, ಪತ್ತೇದಾರಿಕೆ ನೇಪಾಳ ಮುಟ್ಟಿತ್ತು. ಅದರಲ್ಲಿ ರಾಜ್‌ಕುಮಾರ್ ತಾವೇ ಹಾಡಿದ ಇಂಗ್ಲಿಷ್ ಹಾಡೊಂದಿದೆ. ನಡುರಾತ್ರಿ ಎಬ್ಬಿಸಿ ಕೇಳಿದರೂ ಹಾಡಿ ತೋರಿಸುವವರು ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ನಾನಂತೂ ಇದ್ದೇನೆ, ಹೆಂಡತಿ ಒಳಗೆ ಹೋಗುವುದಕ್ಕೆ ಅದೂ ಒಂದು ಕಾರಣ.

ಪತ್ತೇದಾರಿ ಪಾಸಾದವರಿಗೆ ಮುಂದಿನ ತರಗತಿ ಬಿ. ವಿಠಲಾಚಾರ್ಯರದು. ಉಡುಪಿಯ ಹತ್ತಿರದ ಉದ್ಯಾವರದವರು. ಅರಸೀಕೆರೆಯಲ್ಲಿ ಹೋಟೆಲು, ಆಮೇಲೆ ಟೂರಿಂಗ್ ಟಾಕೀಸು, ಆಮೇಲೆ ಮೈಸೂರಿನಲ್ಲಿ ಡಿ. ಶಂಕರ್‌ಸಿಂಗ್ ಜೊತೆ ಮಹಾತ್ಮ ಪಿಕ್ಚರ್ಸ್. 1949ರ 'ನಾಗಕನ್ನಿಕಾ', 1951ರ 'ಜಗನ್ಮೋಹಿನಿ' ಆ ಸಂಸ್ಥೆಯವೇ. ಮುಂದೆ ಮದರಾಸಿಗೆ ಹೋಗಿ ತೆಲುಗಿನಲ್ಲಿ ಮಾಂತ್ರಿಕರ, ಭೂತಗಳ, ಅಸ್ಥಿಪಂಜರಗಳ ಸಾಮ್ರಾಜ್ಯವನ್ನೇ ಕಟ್ಟಿ 'ಜಾನಪದ ಬ್ರಹ್ಮ' ಅನ್ನಿಸಿಕೊಂಡರು. ಹೋಟೆಲು ನಡೆಸಿದ ಅನುಭವ ಅವರ ದೆವ್ವಗಳಲ್ಲೂ ಕಾಣುತ್ತದೆ ಎನ್ನುವುದು ನನ್ನ ವಾದ. ಅವರ ಚಿತ್ರದ ಒಂದು ದೆವ್ವ ಅಡುಗೆಗೆ ಕೂತಾಗ ಸೌದೆಗೆ ಪರದಾಡದೆ ತನ್ನ ಕಾಲುಗಳನ್ನೇ ಒಲೆಗೆ ಒಡ್ಡುತ್ತದೆ. ಉರುವಲಿನ ಖರ್ಚು ತಲೆಯಲ್ಲಿ ಕೊರೆಯದವನಿಗೆ ಇದು ಹೊಳೆಯುವುದಿಲ್ಲ.

ಆಚಾರ್ಯರ ಬಗ್ಗೆ ಚಿತ್ರರಂಗದಲ್ಲಿ ಓಡಾಡುವ ಕತೆಯೊಂದಿದೆ. ನಟರು ಅರ್ಧ ಚಿತ್ರೀಕರಣವಾದ ಮೇಲೆ ಹೆಚ್ಚು ಸಂಭಾವನೆ ಕೇಳಿದರೆ, ಕಾಲ್‌ಶೀಟಿಗೆ ಸತಾಯಿಸಿದರೆ, ಅವರು ಜಗಳವಾಡುತ್ತಿರಲಿಲ್ಲವಂತೆ. ಕತೆಯಲ್ಲಿ ಒಬ್ಬ ಋಷಿಯನ್ನು ಕರೆಸಿ ಶಾಪ ಕೊಡಿಸುತ್ತಿದ್ದರಂತೆ. ರಾಜಕುಮಾರ ಕುರಿಯಾದ ಮೇಲೆ ಮಿಕ್ಕ ಚಿತ್ರವೆಲ್ಲ ಕುರಿಯಿಂದಲೇ ನಡೆಯುತ್ತಿತ್ತು. ಕುರಿ ಹೊತ್ತಿಗೆ ಸರಿಯಾಗಿ ಸೆಟ್ಟಿಗೆ ಬರುತ್ತದೆ, ಕಾರು ಕೇಳುವುದಿಲ್ಲ, ನಾಯಕಿಗಿಂತ ತನಗೆ ಕ್ಲೋಸಪ್ ಕಡಿಮೆಯಾಯಿತೆಂದು ಮುನಿಸಿಕೊಳ್ಳುವುದಿಲ್ಲ.

ಇಂಥ ಸಂಕಟ ಅಮೆರಿಕದಲ್ಲೂ ಬಂದಿತ್ತು. ಎಡ್ ವುಡ್ ಎಂಬಾತನ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಚಿತ್ರಕ್ಕೆ ಹೆಸರಾಂತ ಡ್ರಾಕುಲಾ ನಟ ಬೆಲಾ ಲುಗೋಸಿ ಬೇಕಾಗಿತ್ತು. ಲುಗೋಸಿ 1956ರಲ್ಲೇ ತೀರಿಕೊಂಡಿದ್ದರು. ಕೈಯಲ್ಲಿದ್ದದ್ದು ಅವರು ಬದುಕಿದ್ದಾಗ ತೆಗೆದ ಒಂದಿಷ್ಟು ತುಣುಕು. ವುಡ್ ಏನು ಮಾಡಿದ? ಹೆಂಡತಿಯ ಬೆನ್ನುಮೂಳೆ ನೋಡುತ್ತಿದ್ದ ವೈದ್ಯನನ್ನು ಕರೆತಂದು, ಅದೇ ಥರದ ನಿಲುವಂಗಿ ತೊಡಿಸಿ, ಅದರಿಂದಲೇ ಮುಖ ಮುಚ್ಚಿಸಿ ನಿಲ್ಲಿಸಿದ. ವೈದ್ಯ ಲುಗೋಸಿಗಿಂತ ಎತ್ತರವಿದ್ದ, ಹೋಲಿಕೆಯೂ ಇರಲಿಲ್ಲ. 1980ರಲ್ಲಿ ಆ ಚಿತ್ರಕ್ಕೆ ಲೋಕದ ಅತ್ಯಂತ ಕೆಟ್ಟ ಚಿತ್ರವೆಂಬ ಬಿರುದು ಸಿಕ್ಕಿ, ಅಲ್ಲಿಂದ ಅದರ ಭಾಗ್ಯವೇ ತೆರೆಯಿತು. ಎರಡೂ ಉಪಾಯಗಳನ್ನು ತೂಗಿನೋಡಿದರೆ ನನ್ನ ಓಟು ಆಚಾರ್ಯರ ಕುರಿಗೆ. ಅಪ್ಪಟ ಕುರಿ, ಮುಖ ಮುಚ್ಚಿಕೊಳ್ಳುವ ಅಗತ್ಯವೇ ಇರಲಿಲ್ಲ.

ಇನ್ನು ದೆವ್ವದ ಚಿತ್ರಗಳು. ನಾನು ಹೈಸ್ಕೂಲಿನಲ್ಲಿದ್ದಾಗ ಬೀದಿಯವರೆಲ್ಲ ಚಂದಾ ಎತ್ತಿ ವಿಸಿಪಿ ಬಾಡಿಗೆಗೆ ತರುತ್ತಿದ್ದರು. ಬಾಡಿಗೆ ಒಂದು ರಾತ್ರಿಗೆ. ಆದ್ದರಿಂದ ಕೋಳಿ ಕೂಗುವವರೆಗೆ ನಿದ್ದೆಗೆಟ್ಟು ನೋಡುವುದು ಧರ್ಮ. ಮೊದಲು ಹಿರಿಯರಿಗಾಗಿ ಭಕ್ತಿಚಿತ್ರ, ಆಮೇಲೆ ಹೆಂಗಸರಿಗಾಗಿ ಅಳುವ ಚಿತ್ರ, ಇಬ್ಬರೂ ತೂಕಡಿಸತೊಡಗಿದ ಮೇಲೆ ನಮಗಾಗಿ ರಾಮ್ಸೆ ಸೋದರರ ದೆವ್ವ. ಏಳು ಜನ ಅಣ್ಣತಮ್ಮಂದಿರು. ಕತೆ, ನಿರ್ದೇಶನ, ಕ್ಯಾಮೆರಾ, ಧ್ವನಿ ಎಲ್ಲ ಮನೆಯಲ್ಲೇ ಹಂಚಿಕೊಂಡಿದ್ದರು. 1972ರ 'ದೋ ಗಜ್ ಜಮೀನ್ ಕೇ ನೀಚೇ' ಚಿತ್ರಕ್ಕಾಗಿ ತಂಡವನ್ನೆಲ್ಲ ಬಸ್ಸು ಹತ್ತಿಸಿಕೊಂಡು ಮಹಾಬಲೇಶ್ವರಕ್ಕೆ ಹೋಗಿ, ಅತಿಥಿಗೃಹದಲ್ಲಿ ಇಳಿದುಕೊಂಡು, ಅಲ್ಲೇ ಚಿತ್ರ ಮುಗಿಸಿಕೊಂಡು ಬಂದವರು. ನಾವು ನೋಡಿದ್ದು 1984ರ 'ಪುರಾನಾ ಮಂದಿರ್'. ಸಾಮ್ರಿ ಎಂಬ ರಾಕ್ಷಸನ ರುಂಡ ಒಂದು ಕಡೆ ಪೆಟ್ಟಿಗೆಯಲ್ಲಿ, ಮುಂಡ ಇನ್ನೊಂದು ಕಡೆ ಮಣ್ಣಿನಲ್ಲಿ. ಇವೆರಡು ಸೇರುತ್ತವೋ ಇಲ್ಲವೋ ಎಂದು ನಾವು ಕಂಬಳಿಯೊಳಗೆ ನಡುಗುತ್ತಿದ್ದರೆ, ನಡುವೆ ಜಗದೀಪ್ ಬಂದು 'ಶೋಲೆ'ಯ ಗಬ್ಬರ್‌ಸಿಂಗನನ್ನು ಅಣಕಿಸಿ ಹೋಗುತ್ತಾರೆ. ಇವರಿಗೆ ಇಲ್ಲೇನು ಕೆಲಸ ಎಂದು ಕೇಳುವ ಹಾಗಿಲ್ಲ. ಒಂದೇ ಟಿಕೆಟ್ಟಿಗೆ ಭಯವೂ ನಗುವೂ ಬೇಕಲ್ಲ. ಸಾಮ್ರಿಯಾದ ಅನಿರುದ್ಧ ಅಗರ್ವಾಲ್ ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿದವರೆಂದು ಗೊತ್ತಾದದ್ದು ಬಹಳ ಕಾಲದ ಮೇಲೆ. ಮೊದಲೇ ಗೊತ್ತಿದ್ದರೆ ನಮ್ಮಪ್ಪ ನನ್ನನ್ನು ಎಂಜಿನಿಯರಿಂಗಿಗೆ ದಬ್ಬುತ್ತಿದ್ದಾಗ ಒಂದು ಉದಾಹರಣೆಗಾಗುತ್ತಿತ್ತು.

ಕಾಸಿಲ್ಲದ ಚಿತ್ರವೆಲ್ಲ ನನಗೆ ಪ್ರಿಯ ಎಂದು ತಿಳಿಯಬೇಡಿ. ಬೇಕೆಂದೇ ಕೆಟ್ಟದಾಗಿ ತೆಗೆದು, 'ನೋಡಿ, ನಾವು ಎಷ್ಟು ತಮಾಷೆ' ಎಂದು ಕಣ್ಣು ಹೊಡೆಯುವ ಚಿತ್ರಗಳು ಈಗ ಬರುತ್ತವೆ. ಅವನ್ನು ಕಂಡರೆ ನನಗೆ ಅಲರ್ಜಿ. ಹಳೆಯವರು ಕಣ್ಣು ಹೊಡೆಯಲಿಲ್ಲ. ಬಲ್ಬಿನ ಗೋಡೆಯ ಮುಂದೆ ನಿಂತ ಆ ಬಿಳಿ ಕೋಟಿನವನು ಲೋಕದ ಹಣೆಬರಹ ತನ್ನ ಕೈಯಲ್ಲಿದೆ ಎಂದು ನಂಬಿಯೇ ತಿರುಗಣೆ ತಿರುಗಿಸುತ್ತಾನೆ. ಆ ನಂಬಿಕೆ ಇಲ್ಲದಿದ್ದರೆ ಉಳಿಯುವುದು ಪ್ಲೈವುಡ್ಡು ಮಾತ್ರ.

ಒಂದು ರಾತ್ರಿ ಹೀಗೇ ಮಾಯಾಮಂತ್ರದ ಚಿತ್ರ ನಡೆಯುತ್ತಿತ್ತು. ಮಾಂತ್ರಿಕ ಕೈಚಾಚಿದ, ಮಂತ್ರದ ಕಲಶ ಗಾಳಿಯಲ್ಲಿ ತೇಲಿಬಂತು. ನಡುದಾರಿಯಲ್ಲಿ ಒಮ್ಮೆ ಗಕ್ಕನೆ ನಿಂತು, ಸ್ವಲ್ಪ ಓಲಾಡಿ, ಮತ್ತೆ ಹೊರಟಿತು.

"ಅಯ್ಯೋ, ದಾರ ಎಷ್ಟು ಚೆನ್ನಾಗಿ ಕಾಣ್ತಿದೆ! ನಂಗೆ ಕೊಟ್ಟಿದ್ರೆ ಎರಡೇ ದಿನದಲ್ಲಿ ಕ್ಲೀನ್ ಮಾಡಿಕೊಡ್ತಿದ್ದೆ" ಎಂದಳು ಮಗಳು.

ನನಗೆ ರೇಗಿತು. "ಯಾಕೆ ಕ್ಲೀನ್ ಮಾಡಬೇಕು? ಅದು ನಡುವೆ ನಿಂತಿತಲ್ಲ, ಅಲ್ಲೇ ಇರೋದು ಮಜಾ. ಮೇಲೆ ಹಲಗೆ ಮೇಲೆ ಒಬ್ಬ ಮನುಷ್ಯ ಕೂತಿದ್ದಾನೆ. ದೀಪದ ಶಾಖಕ್ಕೆ ಬೆವರು ಇಳಿದು ಕಣ್ಣಿಗೆ ಹೋಗಿದೆ. ಒರೆಸ್ಕೊಳ್ಳೋಕೆ ಕೈ ನಿಲ್ಲಿಸಿದಾನೆ. ಇನ್ನೊಂದು ಟೇಕ್ ತೆಗೆಯೋಣ ಅಂದ್ರೆ ಫಿಲ್ಮು ದುಬಾರಿ, ನಿರ್ಮಾಪಕರು ಅಲ್ಲೇ ನಿಂತಿದಾರೆ. ಅದಕ್ಕೇ ಹಾಗೇ ಬಿಟ್ಟಿದಾರೆ. ದಾರ ಅಳಿಸಿದ್ರೆ ಕಲಶ ಮಾತ್ರ ಉಳಿಯುತ್ತೆ, ಆ ಮನುಷ್ಯ ಹೋಗ್ಬಿಡ್ತಾನೆ."

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದೇ ಅಪ್ಪಾ ನಮ್ಮ ಕೆಲಸ, ಆ ಮನುಷ್ಯನ್ನ ಅಳಿಸೋದು" ಎಂದಳು.

ವಾದದಲ್ಲಿ ನಾನು ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಕೆಲವು ತಿಂಗಳ ಮೇಲೆ ಅವಳು ಕೆಲಸ ಮಾಡಿದ ದೊಡ್ಡ ಬಜೆಟ್ಟಿನ ಚಿತ್ರವೊಂದು ಬಂತು. ಮನೆಯವರೆಲ್ಲ ಮಲ್ಟಿಪ್ಲೆಕ್ಸಿಗೆ ಹೋದೆವು. ನಾಯಕ ಪರ್ವತದಿಂದ ಪರ್ವತಕ್ಕೆ ಹಾರಿದ, ಆನೆಗಳು ಆಕಾಶದಲ್ಲಿ ತಿರುಗಿದವು. ನಾನು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದೆ. ಒಂದೆಳೆ ನೂಲೂ ಕಾಣಲಿಲ್ಲ. ಮಾಡುವುದಕ್ಕೇನೂ ಕೆಲಸವಿಲ್ಲದೆ ಪಾಪ್‌ಕಾರ್ನ್ ಖಾಲಿ ಮಾಡಿದೆ. ಚಿತ್ರ ಮುಗಿದು ಹೆಸರುಗಳ ಪಟ್ಟಿ ಏರತೊಡಗಿತು. ಜನ ಎದ್ದು ಹೊರಟರು, ಕಸ ಗುಡಿಸುವವರು ಒಳಗೆ ಬಂದರು, ನಾವು ಮಾತ್ರ ಕೂತಿದ್ದೆವು. ಸಣ್ಣ ಅಕ್ಷರದ ನೂರಾರು ಹೆಸರುಗಳ ನಡುವೆ ಅವಳ ಹೆಸರು ಕಂಡಿತು. ಇದೋ ಎನ್ನುವಷ್ಟರಲ್ಲಿ ಮೇಲೆ ಹೋಗಿಯೇಬಿಟ್ಟಿತು.

"ಇದರಲ್ಲಿ ನೀನು ಮಾಡಿದ್ದು ಯಾವುದೇ?" ಎಂದು ಅತ್ತೆ ಕೇಳಿದರು.

"ಅದು ಕಾಣಿಸಬಾರದು ಅಜ್ಜಿ. ಕಾಣಿಸಿದ್ರೆ ಕೆಲಸ ಹೋಗುತ್ತೆ."

ಅತ್ತೆಗೆ ಇದು ನ್ಯಾಯವೆನ್ನಿಸಲಿಲ್ಲ. ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೇಳಿದರು: "ಹೋದ್ರೆ ಹೋಗ್ಲಿ ಬಿಡು. ಮುಂದಿನ ಸಲ ಒಂದೆರಡು ದಾರ ಹಾಗೇ ಬಿಟ್ಬಿಡು. ಪಾಪ, ನಿಮ್ಮಪ್ಪನೂ ಏನಾದ್ರೂ ನೋಡ್ಲಿ."