ಬಾಡಿಗೆ ಎಂದು ಕರೆಸಿಕೊಂಡ ಅಡ್ವಾನ್ಸ್
ಕವರ್ಡ್ ಕಾಲ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಡಿವಿಡೆಂಡ್ ಕೊಡುವ ಷೇರು ಕೊಂಡಿಡಿ, ಅದರ ಮೇಲೆ ತಿಂಗಳಿಗೊಂದು ಕಾಲ್ ಆಪ್ಷನ್ ಮಾರಿ, ಎರಡೂ ಕೈಯಲ್ಲಿ ಬಾಚಿಕೊಳ್ಳಿ ಎಂಬ ಉಪದೇಶಕ್ಕೆ ಈಗ ಬರವಿಲ್ಲ. ಈ ಯೋಜನೆಯ ನಾಯಕರಾದ ಕವರ್ಡ್ ಕಾಲ್ ಅವರನ್ನು ಮಾತ್ರ ಯಾರೂ ಮಾತಾಡಿಸಿದಂತಿಲ್ಲ. ಮಧ್ಯಾಹ್ನ 3.30ಕ್ಕೆ ಮಾರುಕಟ್ಟೆ ಮುಚ್ಚಿದ ಮೇಲೆ ಅವರು ಬಿಡುವಾಗಿ ಸಿಕ್ಕರು.

ಷೇರನ್ನು ಮಾರದೆ ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಡುವ ಪುಣ್ಯಾತ್ಮರು ಎಂಬ ಖ್ಯಾತಿ ನಿಮ್ಮದು. ಹೇಗನ್ನಿಸುತ್ತದೆ?

ಸಂಕೋಚವಾಗುತ್ತದೆ. ಬಾಡಿಗೆ ಕೊಟ್ಟವನು ಮನೆಯನ್ನು ಬರೆಸಿಕೊಳ್ಳುವುದಿಲ್ಲ. ನನ್ನಲ್ಲಿ ನಡೆಯುವುದು ಕ್ರಯದ ಅಗ್ರಿಮೆಂಟು. ಕೊಳ್ಳುವವನು ಒಂದಿಷ್ಟು ಅಡ್ವಾನ್ಸ್ ಕೊಟ್ಟು, ಇಂತಿಷ್ಟು ರೇಟಿಗೆ ಕೊಡಲೇಬೇಕು ಎಂದು ನಿಮ್ಮ ಕೈಯಲ್ಲಿ ಬರೆಸಿಕೊಳ್ಳುತ್ತಾನೆ. ರೇಟು ಏರಿದರೆ ರಿಜಿಸ್ಟರ್ ಮಾಡಿಸಿಕೊಳ್ಳುತ್ತಾನೆ, ಬಿದ್ದರೆ ಅಡ್ವಾನ್ಸ್ ಬಿಟ್ಟು ನಡೆಯುತ್ತಾನೆ. ಹಿಂದೆ ಸರಿಯುವ ಹಕ್ಕು ಅವನೊಬ್ಬನಿಗೇ. ಲೆಕ್ಕ ಹಾಕೋಣ: ನಿಮ್ಮ ಬಳಿ ₹400 ಬೆಲೆಯ 1,600 ಷೇರುಗಳ ಒಂದು ಲಾಟ್ ಇದೆ. ₹420ರ ಕಾಲನ್ನು ಷೇರಿಗೆ ₹5ರಂತೆ ಮಾರಿದಿರಿ, ಕೈಗೆ ₹8,000 ಅಡ್ವಾನ್ಸ್, ಅಂದರೆ ಪ್ರೀಮಿಯಂ, ಬಂತು. ತಿಂಗಳ ಕೊನೆಗೆ ಷೇರು ₹460 ಆದರೆ ನೀವು ಬಿಟ್ಟುಕೊಟ್ಟದ್ದು ₹64,000, ಅಂದರೆ ಎಂಟು ತಿಂಗಳ ಅಡ್ವಾನ್ಸ್ ಒಂದೇ ಏಟಿಗೆ. ₹340ಕ್ಕೆ ಬಿದ್ದರೆ ₹96,000 ಕರಗಿತು, ಸಮಾಧಾನಕ್ಕೆ ಅದೇ ₹8,000. ಏರಿಕೆಗೆ ಮುಚ್ಚಳ ಹಾಕಿ ಇಳಿಕೆಯನ್ನು ತೆರೆದೇ ಬಿಡುವ ವ್ಯವಹಾರ ನಾನು. ಇದರಲ್ಲಿ ಮೋಸವಿಲ್ಲ, ಬಾಡಿಗೆ ಎಂದು ಕರೆಯುವುದರಲ್ಲಿದೆ.

ಆದರೂ ಡಿವಿಡೆಂಡ್ ಎಲ್ಲೂ ಹೋಗುವುದಿಲ್ಲವಲ್ಲ? ಅದು ಎರಡನೆಯ ಆದಾಯ ತಾನೇ?

ಡಿವಿಡೆಂಡ್ ಕಂಪನಿಯ ಖಜಾನೆಯಿಂದ ಬರುತ್ತದೆ, ಆ ಕಂಪನಿ ನಿಮ್ಮದೇ. ಅಷ್ಟು ಹಣ ಹೊರಹೋದ ಮೇಲೆ ಷೇರಿನ ಬೆಲೆಯೂ ಎಕ್ಸ್-ಡಿವಿಡೆಂಡ್ ದಿನ ಸರಿಸುಮಾರು ಅಷ್ಟೇ ಇಳಿಯುತ್ತದೆ. ತೆರಿಗೆ, ಖರ್ಚುಗಳನ್ನು ಬದಿಗಿಟ್ಟರೆ ಡಿವಿಡೆಂಡ್ ಹಂಚುವುದರಿಂದಷ್ಟೇ ಕಂಪನಿಯ ಮೌಲ್ಯ ಬದಲಾಗದು ಎಂದು ಅರ್ಥಶಾಸ್ತ್ರಜ್ಞರಾದ ಮಿಲ್ಲರ್ ಮತ್ತು ಮೊಡಿಗ್ಲಿಯಾನಿ 1961ರಲ್ಲೇ ತೋರಿಸಿದ್ದರು. ನಮ್ಮ ನೆಲದ ಸಾಕ್ಷಿ ಬೇಕಿದ್ದರೆ ಲೋಹದ ಕಂಪನಿ ವೇದಾಂತ ನೋಡಿ. 2022–23ರಲ್ಲಿ ಅದು ಷೇರಿಗೆ ಒಟ್ಟು ₹101.50 ಹಂಚಿತು. ವರ್ಷದ ಆರಂಭದಲ್ಲಿ ₹400ರ ಆಸುಪಾಸಿನಲ್ಲಿದ್ದ ಷೇರು ಕೊನೆಗೆ ₹275ರ ಆಸುಪಾಸಿಗೆ ಬಂತು. ಲೋಹದ ಬೆಲೆಯ ಏರಿಳಿತವೂ ಇದರಲ್ಲಿ ಸೇರಿದೆ, ಒಪ್ಪುತ್ತೇನೆ. ಆದರೆ ಬ್ಯಾಂಕಿನ ಮೆಸೇಜನ್ನಷ್ಟೇ ನೋಡಿದವನಿಗೆ ಅದು ಹಬ್ಬದ ವರ್ಷ, ಡಿಮ್ಯಾಟ್ ಖಾತೆಯನ್ನೂ ತೆರೆದವನಿಗೆ ನಷ್ಟದ ವರ್ಷ. ಡಿವಿಡೆಂಡ್ ನಿಮ್ಮ ಗಂಟಿನದೇ ಒಂದು ಪಾಲು, ನನ್ನ ಪ್ರೀಮಿಯಂ ನಿಮ್ಮ ನಾಳಿನ ಏರಿಕೆಯ ಬೆಲೆ. ಎರಡನ್ನೂ ಕೂಡಿಸಿ ‘ವರ್ಷಕ್ಕೆ ಇಷ್ಟು ಪರ್ಸೆಂಟ್ ಆದಾಯ’ ಎನ್ನುವವರು ಜಮಾ ಕಲಮನ್ನು ಜೋರಾಗಿ ಓದಿ ಖರ್ಚಿನ ಕಲಮನ್ನು ನುಂಗಿಬಿಡುತ್ತಾರೆ.

ಡಿವಿಡೆಂಡ್ ಷೇರುಗಳು ಹೇಗೂ ಆಮೆನಡಿಗೆಯವು. ಏರದ ಷೇರಿನ ಏರಿಕೆಯನ್ನು ಮಾರಿದರೆ ಕಳೆದುಕೊಳ್ಳುವುದೇನು?

ಅದು ಆಮೆ ಎಂಬುದು ಕೊಳ್ಳುವವನಿಗೂ ಗೊತ್ತು. ಹಾಗಾಗಿ ಅಂಥ ಷೇರಿನ ಕಾಲ್‌ಗೆ ಅವನು ಪುಡಿಗಾಸು ಕೊಡುತ್ತಾನೆ. ಪ್ರೀಮಿಯಂ ದಪ್ಪಗಿದೆ ಎಂದರೆ ಷೇರು ಆ ಕಡೆಯೋ ಈ ಕಡೆಯೋ ಜಿಗಿಯಬಹುದು ಎಂದು ಮಾರುಕಟ್ಟೆ ಅಂದಾಜಿಸಿದೆ. ಶಾಂತ ಷೇರೂ ಬೇಕು, ಕೊಬ್ಬಿದ ಪ್ರೀಮಿಯಮ್ಮೂ ಬೇಕು ಎಂದರೆ ಆಗದು. ಇನ್ನು ಆಮೆಯೂ ಒಮ್ಮೊಮ್ಮೆ ಓಡುತ್ತದೆ. ಕೋಲ್ ಇಂಡಿಯಾ 2010ರಲ್ಲಿ ₹245ಕ್ಕೆ ಮಾರುಕಟ್ಟೆಗೆ ಬಂತು. 2023ರ ಜೂನ್‌ನಲ್ಲಿ ಸರ್ಕಾರ ತನ್ನ ಪಾಲು ಮಾರಲು ಇಟ್ಟ ಕನಿಷ್ಠ ಬೆಲೆ ₹225. ಹದಿಮೂರು ವರ್ಷ ಡಿವಿಡೆಂಡ್ ಕೊಡುತ್ತಾ, ಏರಿ ಇಳಿದು ಹೊರಟಲ್ಲಿಗೇ ಮರಳಿದ್ದ ಷೇರು 2024ರ ಆಗಸ್ಟ್‌ನಲ್ಲಿ ₹500 ದಾಟಿತ್ತು. ಆ ಹದಿನಾಲ್ಕು ತಿಂಗಳು ತಪ್ಪದೆ ನನ್ನನ್ನು ಮಾರುತ್ತಾ ಬಂದವನು ಏರಿಕೆಯ ಪಾಲನ್ನು ಅಪರಿಚಿತರಿಗೆ ದಾನ ಮಾಡಿರುತ್ತಾನೆ. ‘ರೋಲ್ ಮಾಡಿದರಾಯಿತು’ ಎನ್ನುತ್ತಾರೆ. ರೋಲ್ ಮಾಡುವುದೆಂದರೆ ಹಳೆಯ ಕಾಲನ್ನು ನಷ್ಟಕ್ಕೆ ಮರಳಿ ಕೊಂಡು ಹೊಸದನ್ನು ಮಾರುವುದು. ನಷ್ಟ ನಗದಿನಲ್ಲಿ, ಲಾಭ ಇನ್ನೂ ಕಾಗದದಲ್ಲಿ.

ಫ್ಯೂಚರ್ಸ್ ಅಂಡ್ ಆಪ್ಷನ್ಸ್ ವಹಿವಾಟಿನಲ್ಲಿ ನೂರಕ್ಕೆ 93 ಜನ ಸೋತಿದ್ದಾರೆ ಎಂದು ಷೇರುಪೇಟೆಯ ನಿಯಂತ್ರಕ ಸೆಬಿಯ ವರದಿಯೇ 2024ರಲ್ಲಿ ಹೇಳಿತು. ನಿಮ್ಮನ್ನು ದೂರ ಇಡಲು ಅಷ್ಟು ಸಾಲದೇ?

ನನ್ನ ಮೇಲಿನ ಆರೋಪಕ್ಕೆ ಅದು ಸರಿಯಾದ ಸಾಕ್ಷಿಯಲ್ಲ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ವೈಯಕ್ತಿಕ ಟ್ರೇಡರ್‌ಗಳು ₹1.8 ಲಕ್ಷ ಕೋಟಿಗೂ ಹೆಚ್ಚು ಕಳೆದುಕೊಂಡದ್ದು ನಿಜ. ಆ ಗುಂಪಿನಲ್ಲಿ ಎಕ್ಸ್‌ಪೈರಿ ದಿನ, ಅಂದರೆ ಅವಧಿ ಮುಗಿಯುವ ದಿನ, ಲಾಟರಿಯಂತೆ ಆಪ್ಷನ್ ಕೊಂಡವರೂ ಇದ್ದಾರೆ, ಷೇರಿಲ್ಲದೆ ಮಾರಿದವರೂ ಇದ್ದಾರೆ. ಷೇರನ್ನು ಕೈಯಲ್ಲಿಟ್ಟುಕೊಂಡು ಕಾಲ್ ಮಾರುವವನು ಬರಿಗೈಯಲ್ಲಿ ಮಾರುವವನಂತೆ ಬೀದಿಗೆ ಬೀಳುವುದಿಲ್ಲ. ಆದರೆ ‘ಕೊಳ್ಳುವವರು ಸೋಲುತ್ತಾರೆ, ಆದ್ದರಿಂದ ಮಾರುವವನು ಗೆಲ್ಲುತ್ತಾನೆ’ ಎಂಬ ತರ್ಕವೂ ಪೊಳ್ಳು. ಅದೇ ವರದಿಯ ಪ್ರಕಾರ ಗೆದ್ದವರು ಸಂಸ್ಥೆಗಳ ಸ್ವಂತ ಟ್ರೇಡಿಂಗ್ ವಿಭಾಗಗಳು ಮತ್ತು ವಿದೇಶಿ ಹೂಡಿಕೆದಾರರು, ಅದೂ ಬಹುಪಾಲು ಅಲ್ಗಾರಿದಮ್‌ಗಳ ಮೂಲಕ. ಒಂದು ಲಾಟ್ ಹಿಡಿದು ಕೂತವನು ಅವರ ಪಂಕ್ತಿಯವನಲ್ಲ.

ಅಮೆರಿಕದಲ್ಲಿ ಸಾಮಾನ್ಯರೂ ನಿಮ್ಮೊಡನೆ ಸುಖವಾಗಿದ್ದಾರಂತೆ?

ಅಲ್ಲಿ ಒಂದು ಕಾಂಟ್ರ್ಯಾಕ್ಟ್ ಎಂದರೆ 100 ಷೇರು. ಇಲ್ಲಿ ಷೇರು ಆಪ್ಷನ್ನಿನ ಲಾಟನ್ನು ₹5 ಲಕ್ಷಕ್ಕೆ ಕಡಿಮೆಯಾಗದಂತೆ ಗೊತ್ತು ಮಾಡುತ್ತಾರೆ. ಐದಾರು ಕಂಪನಿಗಳಿಗೆ ಹರಡಿಕೊಳ್ಳಬೇಕಿದ್ದರೆ ಮೂವತ್ತು ಲಕ್ಷ ಬೇಕು. ಇಲ್ಲದವನು ಒಂದೇ ಷೇರಿನ ಮೇಲೆ ಗಂಟು ಸುರಿಯುತ್ತಾನೆ. ಡಿವಿಡೆಂಡ್‌ಗೆ ಮೊದಲೇ ಷೇರು ಎಳೆದುಕೊಂಡು ಹೋಗುತ್ತಾರೆ ಎಂಬ ಅಲ್ಲಿನ ಭಯ ಇಲ್ಲಿಲ್ಲ, ನಮ್ಮ ಷೇರು ಆಪ್ಷನ್‌ಗಳು 2011ರಿಂದ ಯುರೋಪಿಯನ್ ಮಾದರಿಯವು, ಕೊನೆಯ ದಿನವಷ್ಟೇ ಚಲಾಯಿಸುವಂಥವು. ಆದರೆ ಎಕ್ಸ್‌ಪೈರಿಯಲ್ಲಿ ಬೆಲೆ ಗೊತ್ತಾದ ರೇಟನ್ನು ದಾಟಿದ್ದರೆ ಷೇರನ್ನೇ ಒಪ್ಪಿಸಬೇಕು. ಮಾರ್ಜಿನ್‌ಗೆ ಷೇರು ಅಡವಿಟ್ಟರೂ ಅರ್ಧ ಪಾಲು ನಗದು ಅಥವಾ ನಗದಿಗೆ ಸಮನಾದದ್ದನ್ನು ಬೇಡುತ್ತಾರೆ. ತೆರಿಗೆಯವರೂ ಬರುತ್ತಾರೆ: 2020ರ ಏಪ್ರಿಲ್‌ನಿಂದ ಡಿವಿಡೆಂಡ್‌ಗೆ ನಿಮ್ಮ ಸ್ಲ್ಯಾಬಿನ ದರ, ಪ್ರೀಮಿಯಂ ವ್ಯಾಪಾರದ ಆದಾಯ. ಸಂಬಳದಾರ ಕೂಡ ಸಾಮಾನ್ಯವಾಗಿ ಐಟಿಆರ್-3 ನಮೂನೆ ತುಂಬಬೇಕು.

ನಿವೃತ್ತರಿಗೆ ತಿಂಗಳ ಖರ್ಚಿಗೆ ಹಣ ಬೇಕಲ್ಲ?

ಬೇಕು. ಬೇಕಾದಷ್ಟೇ ಷೇರು ಮಾರಿದರೂ ಹಣ ಬರುತ್ತದೆ, ಉಳಿದ ಷೇರುಗಳ ಏರಿಕೆ ಪೂರ್ತಿ ನಿಮ್ಮದೇ. ಮೂಲಧನ ಮುಟ್ಟಿದೆವು ಎಂಬ ಅಳುಕು ತಡೆಯುತ್ತದೆ, ಅಷ್ಟೆ. ನನ್ನ ಮೂಲಕ ಮೂಲಧನದ ಭವಿಷ್ಯವನ್ನೇ ಮಾರುವಾಗ ಆ ಅಳುಕು ಕಾಣಿಸಿಕೊಳ್ಳುವುದಿಲ್ಲ, ಏಕೆಂದರೆ ಷೇರಿನ ಸಂಖ್ಯೆ ಹಾಗೇ ಇರುತ್ತದೆ.

ಹಾಗಾದರೆ ನಿಮ್ಮನ್ನು ಯಾರು ಕರೆಯಬೇಕು?

ನಾನು ಸೆಬಿ ನೋಂದಾಯಿತ ಸಲಹೆಗಾರನಲ್ಲ. ನನ್ನನ್ನು ಹೊಗಳುವವರಲ್ಲಿ ಎಷ್ಟು ಮಂದಿ ನೋಂದಾಯಿಸಿದ್ದಾರೆ ಎಂದು ನೀವೇ ಕೇಳಿಕೊಳ್ಳಿ. ‘ಈ ಷೇರು ₹420 ಆದರೆ ಮಾರಿಬಿಡುತ್ತೇನೆ’ ಎಂದು ಮೊದಲೇ ನಿರ್ಧರಿಸಿದವನಿಗೆ ನಾನು ಉಪಕಾರಿ. ಹೇಗೂ ಮಾಡಲಿದ್ದ ಮಾರಾಟಕ್ಕೆ ಅಡ್ವಾನ್ಸ್ ಕೊಡಿಸುತ್ತೇನೆ. ಆ ಬೆಲೆಯನ್ನು ಅವನು ಪ್ರೀಮಿಯಂ ಪಟ್ಟಿ ನೋಡುವ ಮೊದಲೇ ಬರೆದಿಟ್ಟಿರಬೇಕು. ಪಟ್ಟಿ ನೋಡಿದ ಮೇಲೆ ಬೆಲೆ ಗೊತ್ತು ಮಾಡುವವನು ಹೂಡಿಕೆದಾರನ ಅಂಗಿ ತೊಟ್ಟ ಟ್ರೇಡರ್. ಅವನನ್ನು ಕವರ್ ಮಾಡಲು ನನ್ನಿಂದಾಗದು.